ಅಲೆಗ್ಸಾಂಡರ್ ವಿಲ್ಸನ್: ಪಕ್ಷಿಚಿತ್ರವೂ ಪ್ರತ್ಯಕ್ಷಸಾಕ್ಷ್ಯವೂ

೧

ಚರಿತ್ರೆಯ ಆಧಾರಸಾಮಗ್ರಿಗಳೆಂದೊಡನೆ ಶಾಸನಗಳು, ನಾಣ್ಯಗಳು, ಕಡತಗಳು, ಪ್ರವಾಸಿಗಳ ದಿನಚರಿಗಳು ನಮ್ಮ ನೆನಪಿಗೆ ಬರುತ್ತವೆ. ಹಕ್ಕಿಗಳ ಚಿತ್ರಸಂಪುಟವೊಂದನ್ನು ಆ ಸಾಲಿನಲ್ಲಿ ಇರಿಸುವ ರೂಢಿಯಿಲ್ಲ. ಅಂತಹ ಗ್ರಂಥವು ಪ್ರಾಣಿಶಾಸ್ತ್ರಜ್ಞರಿಗೆ ಇಲ್ಲವೆ ಕಲಾಭ್ಯಾಸಿಗಳಿಗೆ ಸೇರಿದುದೆಂದು ಭಾವಿಸಿ ಚರಿತ್ರಕಾರರು ಅದನ್ನು ಬದಿಗಿಡುತ್ತಾರೆ. ಆದರೆ ಒಂದು ಭೂಖಂಡದಲ್ಲಿ ಕೋಟಿಗಟ್ಟಲೆಯಾಗಿದ್ದ ಜೀವಿಯು ನಿಶ್ಶೇಷವಾಗಿ ಅಳಿದುಹೋದ ಮೇಲೆ, ಅದನ್ನು ಕಣ್ಣಾರೆ ಕಂಡು, ಅಳೆದು, ಎಣಿಸಿ, ಬಣ್ಣದಲ್ಲಿ ಬರೆದಿಟ್ಟವನ ಕೃತಿಯು ಶಾಸನಕ್ಕೆ ಸಮಾನವಾದ ದಾಖಲೆಯಾಗುತ್ತದೆ. ಆಗ ಆ ಸಾಕ್ಷಿ ನಂಬಲರ್ಹನೆ, ಆತನು ಏನನ್ನು ತಾನೇ ಕಂಡನು, ಏನನ್ನು ಕೇಳಿ ಬರೆದನು, ಆತನ ಲೆಕ್ಕಕ್ಕೆ ಆಧಾರವೇನು ಎಂಬ ಪ್ರಶ್ನೆಗಳು ಚರಿತ್ರಕಾರನವೇ ಆಗುತ್ತವೆ.

ಅಮೆರಿಕದ ಪಕ್ಷಿಶಾಸ್ತ್ರದ ಪಿತಾಮಹನೆಂದು ಹೆಸರಾದ ಅಲೆಗ್ಸಾಂಡರ್ ವಿಲ್ಸನ್ (೧೭೬೬–೧೮೧೩) ಇಂತಹ ಸಾಕ್ಷಿಗಳಲ್ಲಿ ಅಗ್ರಗಣ್ಯನು. ಆತನ ‘ಅಮೆರಿಕನ್ ಆರ್ನಿಥಾಲಜಿ’ ಎಂಬ ಒಂಬತ್ತು ಸಂಪುಟಗಳ ಗ್ರಂಥವು ೧೮೦೮ರಿಂದ ೧೮೧೪ರವರೆಗೆ ಫಿಲಡೆಲ್ಫಿಯದಲ್ಲಿ ಪ್ರಕಟವಾಯಿತು. ಬಳಿಕ ಬಂದ ಜಾನ್ ಜೇಮ್ಸ್ ಆಡುಬಾನನ ಭವ್ಯವಾದ ಚಿತ್ರಗಳು ಆತನ ಕೀರ್ತಿಯನ್ನು ಬಹುಮಟ್ಟಿಗೆ ಮರೆಮಾಡಿವೆ. ಚಿತ್ರಕಲೆಯ ದೃಷ್ಟಿಯಿಂದ ಇದು ಅಸಹಜವಲ್ಲ. ಆದರೆ ಸಾಕ್ಷ್ಯದ ದೃಷ್ಟಿಯಿಂದ ನೋಡಿದಾಗ ವಿಲ್ಸನನ ಸ್ಥಾನವು ಬೇರೆಯಾಗಿಯೇ ಕಾಣುತ್ತದೆ. ಈ ಲೇಖನದಲ್ಲಿ ನಾವು ಆತನ ಜೀವನವನ್ನೂ ಕಲೆಯನ್ನೂ ಆ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ.

೨

ವಿಲ್ಸನನು ೧೭೬೬ರ ಜುಲೈ ೬ರಂದು ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಪಟ್ಟಣದಲ್ಲಿ ನೇಕಾರರ ಮನೆಯಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಶಾಲೆಯ ಓದು ಬೇಗನೆ ನಿಂತಿತು. ಹದಿಮೂರನೆಯ ವಯಸ್ಸಿನಲ್ಲಿ ಅಕ್ಕನ ಗಂಡನ ಬಳಿ ಮೂರು ವರ್ಷಗಳ ಕರಾರಿನ ಮೇಲೆ ಮಗ್ಗದ ಕೆಲಸಕ್ಕೆ ಸೇರಿದನು. ಪೈಸ್ಲಿಯು ಆ ಕಾಲದಲ್ಲಿ ನವುರಾದ ಬಟ್ಟೆಗಳಿಗೆ ಪ್ರಸಿದ್ಧವಾಗಿತ್ತು. ಅಲ್ಲಿಯ ನೇಕಾರರು ಓದುಬರಹ ಬಲ್ಲವರಾಗಿ, ರಾಜಕೀಯ ವಿಷಯಗಳನ್ನು ಚರ್ಚಿಸುವವರಾಗಿ, ಪದ್ಯ ಕಟ್ಟುವವರಾಗಿ ಇದ್ದರು. ಅಂತಹ ವಾತಾವರಣದಲ್ಲಿ ಬೆಳೆದ ತರುಣನು ಕವಿಯಾಗಬೇಕೆಂದು ಹಂಬಲಿಸಿದುದರಲ್ಲಿ ಆಶ್ಚರ್ಯವಿಲ್ಲ. ಮಗ್ಗದ ಮುಂದೆ ಕುಳಿತಿರುವ ಬಾಳು ಆತನಿಗೆ ಒಗ್ಗಲಿಲ್ಲ. ಬಟ್ಟೆಯ ಗಂಟನ್ನು ಬೆನ್ನಿಗೆ ಹೊತ್ತು ಊರಿಂದೂರಿಗೆ ನಡೆದು ಮಾರುತ್ತ, ತನ್ನ ಪದ್ಯಗಳಿಗೂ ಚಂದಾದಾರರನ್ನು ಹುಡುಕುತ್ತ ಕೆಲವು ವರ್ಷಗಳನ್ನು ಕಳೆದನು. ೧೭೯೦ರಲ್ಲಿ ಆತನ ಕವನಸಂಗ್ರಹವೊಂದು ಹೊರಬಂದಿತು. ೧೭೯೨ರಲ್ಲಿ ಹೆಸರಿಲ್ಲದೆ ಪ್ರಕಟವಾದ ‘ವಾಟಿ ಅಂಡ್ ಮೆಗ್’ ಎಂಬ ಹಾಸ್ಯಕಥನವನ್ನು ಓದಿದ ಅನೇಕರು ಅದು ರಾಬರ್ಟ್ ಬರ್ನ್ಸ್ ಕವಿಯದೇ ಇರಬೇಕೆಂದು ಭಾವಿಸಿದರು.

ಆದರೆ ಕಾವ್ಯವೇ ಆತನನ್ನು ಸೆರೆಮನೆಗೂ ಒಯ್ದಿತು. ಗಿರಣಿಯ ಮಾಲಿಕನೊಬ್ಬನು ಅಳತೆಯಲ್ಲಿ ಮೋಸಮಾಡಿ ನೇಕಾರರ ಕೂಲಿಯನ್ನು ನುಂಗುತ್ತಿದ್ದಾನೆಂದು ಆರೋಪಿಸುವ ವಿಡಂಬನ ಪದ್ಯವನ್ನು ಬರೆದು, ಐದು ಗಿನಿಗಳನ್ನು ಕೊಟ್ಟರೆ ಅದನ್ನು ಪ್ರಕಟಿಸುವುದಿಲ್ಲವೆಂಬ ಪತ್ರದೊಡನೆ ಆ ಮಾಲಿಕನಿಗೇ ಕಳುಹಿಸಲಾಯಿತು. ನೇಕಾರರ ದುಃಖವು ನಿಜವಾಗಿದ್ದರೂ ಹಣ ಕೇಳಿದ ಕೃತ್ಯವು ಸಮರ್ಥನೀಯವಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ನ್ಯಾಯಾಲಯವು ದಂಡ ವಿಧಿಸಿತು. ೧೭೯೩ರಲ್ಲಿ ಊರವರ ಎದುರಿನಲ್ಲಿ ತನ್ನ ಪದ್ಯವನ್ನು ತನ್ನ ಕೈಯಿಂದಲೇ ಸುಡಬೇಕಾಗಿ ಬಂದುದು ಆತನಿಗೆ ಮರೆಯಲಾಗದ ಅವಮಾನವಾಯಿತು. ಫ್ರಾನ್ಸಿನ ಕ್ರಾಂತಿಯ ತರುವಾಯ ಬ್ರಿಟನ್ನಿನ ಸರ್ಕಾರವು ಸುಧಾರಣೆ ಬಯಸುವವರೆಲ್ಲರನ್ನೂ ಅನುಮಾನದಿಂದ ಕಾಣುತ್ತಿದ್ದ ಕಾಲ ಅದು. ಮತ್ತೆ ಬಂಧನಕ್ಕೊಳಗಾದ ವಿಲ್ಸನನು ಇನ್ನು ಆ ನೆಲದಲ್ಲಿ ತನಗೆ ಬಾಳಿಲ್ಲವೆಂದು ನಿಶ್ಚಯಿಸಿದನು. ೧೭೯೪ರ ಮೇ ತಿಂಗಳಲ್ಲಿ ಅಕ್ಕನ ಮಗನೊಡನೆ ಬೆಲ್‌ಫಾಸ್ಟಿನಿಂದ ಹಡಗು ಹತ್ತಿ ಜುಲೈ ತಿಂಗಳಲ್ಲಿ ಡೆಲವೇರ್ ಸಂಸ್ಥಾನದ ನ್ಯೂಕ್ಯಾಸಲ್ ಬಂದರಿನಲ್ಲಿ ಇಳಿದನು.

ಅಲ್ಲಿಂದ ಫಿಲಡೆಲ್ಫಿಯದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟಾಗ ಆತನಿಗೆ ಕೆಂದಲೆಯ ಮರಕುಟಿಕವೊಂದು ಎದುರಾಯಿತು. ಹೊಸ ನಾಡಿನಲ್ಲಿ ಆತನು ಬೇಟೆಯಾಡಿದ ಮೊದಲ ಹಕ್ಕಿ ಅದು. ಅದಕ್ಕಿಂತ ಸುಂದರವಾದ ಹಕ್ಕಿಯನ್ನು ತಾನು ಕಂಡೇ ಇಲ್ಲವೆಂದು ಆತನಿಗೆ ತೋರಿತಂತೆ. ಆದರೆ ಆ ಬೆರಗು ವಿದ್ಯೆಯಾಗಿ ಮಾರ್ಪಡಲು ಇನ್ನೂ ಸುಮಾರು ಹತ್ತು ವರ್ಷಗಳು ಬೇಕಾದುವು.

೩

ಆ ಹತ್ತು ವರ್ಷಗಳಲ್ಲಿ ವಿಲ್ಸನನು ಮುದ್ರಣಾಲಯದ ಕೆಲಸಗಾರನಾಗಿ, ನೇಕಾರನಾಗಿ, ತಿರುಗುವ ವ್ಯಾಪಾರಿಯಾಗಿ, ಕೊನೆಗೆ ಹಳ್ಳಿಯ ಶಾಲೆಗಳ ಉಪಾಧ್ಯಾಯನಾಗಿ ಜೀವಿಸಿದನು. ತಾನು ಮಕ್ಕಳಿಗೆ ಕಲಿಸಬೇಕಾದ ಗಣಿತವನ್ನೂ ಭೂಮಾಪನವನ್ನೂ ತಾನೇ ಓದಿ ಕಲಿತುಕೊಂಡನು. ೧೮೦೨ರಲ್ಲಿ ಫಿಲಡೆಲ್ಫಿಯದ ಹೊರವಲಯದ ಗ್ರೇಸ್ ಫೆರ‍್ರಿ ಎಂಬಲ್ಲಿಯ ಶಾಲೆಗೆ ನೇಮಕವಾದುದು ಆತನ ಬಾಳಿನ ಮಹತ್ತ್ವದ ತಿರುವು. ಶಾಲೆಯ ಸಮೀಪದಲ್ಲಿಯೇ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮನ ತೋಟವಿತ್ತು. ೧೭೯೧ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬಾರ್ಟ್ರಮನು ೨೧೫ ಹಕ್ಕಿಗಳ ಪಟ್ಟಿಯನ್ನು ಕೊಟ್ಟಿದ್ದನು. ಆ ವೃದ್ಧ ವಿದ್ವಾಂಸನು ಬಡ ಉಪಾಧ್ಯಾಯನಿಗೆ ತನ್ನ ತೋಟವನ್ನೂ ಗ್ರಂಥಭಂಡಾರವನ್ನೂ ತೆರೆದಿಟ್ಟನು. ಮಾರ್ಕ್ ಕೇಟ್ಸ್‌ಬಿ, ಜಾರ್ಜ್ ಎಡ್ವರ್ಡ್ಸ್ ಮೊದಲಾದವರ ಚಿತ್ರಗ್ರಂಥಗಳನ್ನು ವಿಲ್ಸನನು ಅಲ್ಲಿ ಓದಿದನು. ಓದುತ್ತಿದ್ದಂತೆ, ಪುಸ್ತಕದ ಹಕ್ಕಿಗೂ ತೋಟದ ಹಕ್ಕಿಗೂ ಎಷ್ಟೋ ಕಡೆ ಹೊಂದಿಕೆಯಿಲ್ಲವೆಂಬುದು ಆತನಿಗೆ ಗೋಚರವಾಯಿತು.

ಫಿಲಡೆಲ್ಫಿಯದಲ್ಲಿ ಆತನಿಗೆ ದೊರೆತ ಇನ್ನೊಬ್ಬ ಸ್ನೇಹಿತನು ಸ್ಕಾಟ್ಲೆಂಡಿನವನೇ ಆದ ತಾಮ್ರಫಲಕದ ಕೆತ್ತನೆಗಾರ ಅಲೆಗ್ಸಾಂಡರ್ ಲಾಸನ್. ಮನಸ್ಸಿನ ಬೇಗುದಿ ಕಳೆಯಲು ಚಿತ್ರ ಬರೆಯುವುದನ್ನು ಅಭ್ಯಾಸಮಾಡೆಂದು ಲಾಸನನು ಸಲಹೆಯಿತ್ತನು. ಮನುಷ್ಯರ ಆಕೃತಿಗಳೂ ಭೂದೃಶ್ಯಗಳೂ ಆತನ ಕೈಗೆ ಒಲಿಯಲಿಲ್ಲ, ಹಕ್ಕಿಗಳು ಒಲಿದುವು. ಹಗಲೆಲ್ಲ ಪಾಠ ಹೇಳಿ, ರಾತ್ರಿ ದೀಪದ ಬೆಳಕಿನಲ್ಲಿ ಬರೆದು, ಹೆಸರು ತಿಳಿಯದ ಹಕ್ಕಿಗಳ ಚಿತ್ರಗಳನ್ನು ಬಾರ್ಟ್ರಮನಿಗೆ ಕಳುಹಿಸಿ ತಿದ್ದಿಸಿಕೊಳ್ಳುತ್ತಿದ್ದನು. ಮೂವತ್ತಾರು ವರ್ಷ ದಾಟಿದವನು, ಯಾವ ಗುರುಕುಲದಲ್ಲಿಯೂ ಕಲಿಯದವನು, ಹೀಗೆ ಅಕ್ಷರಾಭ್ಯಾಸದಂತೆ ಚಿತ್ರಾಭ್ಯಾಸವನ್ನು ಆರಂಭಿಸಿದನು. ೧೮೦೩ರಲ್ಲಿಯೇ, ಅಮೆರಿಕದ ಹಕ್ಕಿಗಳೆಲ್ಲವನ್ನೂ ಚಿತ್ರಿಸುವ ಸಂಕಲ್ಪವನ್ನು ಆತನು ಸ್ವದೇಶದ ಮಿತ್ರನಿಗೆ ಪತ್ರದಲ್ಲಿ ತಿಳಿಸಿದ್ದನು. ಲೆಕ್ಕಾಚಾರ ಬಲ್ಲ ಲಾಸನನು ಇದು ಹಣಕಾಸಿನ ದೃಷ್ಟಿಯಿಂದ ಆಗದ ಮಾತೆಂದು ತೋರಿಸಿಕೊಟ್ಟರೂ ಆತನು ಹಿಂಜರಿಯಲಿಲ್ಲ.

೧೮೦೪ರ ಅಕ್ಟೋಬರಿನಲ್ಲಿ ಇಬ್ಬರು ಸಂಗಡಿಗರೊಡನೆ ನಯಾಗರ ಜಲಪಾತದವರೆಗೆ ಹೋಗಿ ಬಂದನು. ಸಾವಿರದ ಇನ್ನೂರು ಮೈಲಿಗಳಿಗೂ ಮಿಗಿಲಾದ ಆ ಪ್ರಯಾಣದ ಬಹುಭಾಗ ಕಾಲ್ನಡಿಗೆಯಲ್ಲಿ, ಮಳೆ ಹಿಮಗಳ ನಡುವೆ ನಡೆಯಿತು. ಆಗ ದೊರೆತ ಹಕ್ಕಿಗಳ ಚಿತ್ರಗಳನ್ನು ಅಧ್ಯಕ್ಷ ಥಾಮಸ್ ಜೆಫರ್ಸನನಿಗೆ ಕಳುಹಿಸಿದನು. ಜೆಫರ್ಸನನು ಉತ್ತರಿಸಿ, ಮರಗಳ ತುದಿಯಲ್ಲಿಯೇ ಇದ್ದು ಅತ್ಯಂತ ಮಧುರವಾಗಿ ಹಾಡುವ, ತಾನು ವರ್ಷಗಟ್ಟಲೆ ಬೆನ್ನುಹತ್ತಿದರೂ ಸರಿಯಾಗಿ ಕಾಣಸಿಗದ ಹಕ್ಕಿಯೊಂದನ್ನು ಗುರುತಿಸಿಕೊಡಬೇಕೆಂದು ಕೇಳಿಕೊಂಡನು. ಅದು ಸಾಮಾನ್ಯವಾದ ವುಡ್ ಥ್ರಶ್ ಹಕ್ಕಿಯೆಂದು ವಿಲ್ಸನನು ನಿರ್ಣಯಿಸಿದನು.

೪

೧೮೦೬ರಲ್ಲಿ ಸ್ಯಾಮ್ಯುಅಲ್ ಬ್ರಾಡ್‌ಫರ್ಡ್ ಎಂಬ ಪ್ರಕಾಶಕನು ರೀಸನ ವಿಶ್ವಕೋಶದ ಅಮೆರಿಕನ್ ಆವೃತ್ತಿಗೆ ವಿಲ್ಸನನನ್ನು ವರ್ಷಕ್ಕೆ ೯೦೦ ಡಾಲರ್ ಸಂಬಳದ ಮೇಲೆ ಸಹಾಯಕ ಸಂಪಾದಕನನ್ನಾಗಿ ನೇಮಿಸಿಕೊಂಡನು. ಪಕ್ಷಿಗ್ರಂಥದ ಪ್ರಕಟಣೆಯ ಹೊಣೆಯನ್ನೂ ಆತನೇ ವಹಿಸಿದನು. ಗ್ರಂಥವು ಹತ್ತು ಸಂಪುಟಗಳಲ್ಲಿ ಬರಬೇಕೆಂದೂ ಪೂರ್ಣ ಗ್ರಂಥದ ಬೆಲೆ ೧೨೦ ಡಾಲರೆಂದೂ ನಿಶ್ಚಯವಾಯಿತು. ಸಂಪಾದಕನ ಸಂಬಳದಲ್ಲಿಯೇ ಇದು ಒಂದೂವರೆ ತಿಂಗಳಿಗೂ ಹೆಚ್ಚಿನ ಮೊತ್ತವಾಗಿತ್ತೆಂಬುದನ್ನು ನೆನೆದರೆ ಸಾಹಸದ ಸ್ವರೂಪವು ತಿಳಿಯುತ್ತದೆ. ಸ್ವತಂತ್ರವಾಗಿ ಮೂವತ್ತು ವರ್ಷಗಳೂ ತುಂಬಿರದಿದ್ದ ದೇಶದಲ್ಲಿ, ದೇಶದ ಕಾಗದದ ಮೇಲೆ, ದೇಶದ ಅಚ್ಚುಮೊಳೆಗಳಿಂದ, ದೇಶದ ಕುಶಲಿಗಳ ಕೈಯಿಂದ ಇಂತಹ ಗ್ರಂಥವು ಸಿದ್ಧವಾಗಬೇಕೆಂಬುದು ವಿಲ್ಸನನ ಅಭಿಮಾನದ ವಿಷಯವಾಗಿತ್ತು. ೧೮೦೮ರ ಸೆಪ್ಟೆಂಬರಿನಲ್ಲಿ ಮೊದಲನೆಯ ಸಂಪುಟವು ೨೦೦ ಪ್ರತಿಗಳಲ್ಲಿ ಹೊರಬಂದಿತು.

ಚಂದಾದಾರರನ್ನು ಕೂಡಿಸುವ ಹೊರೆಯು ಗ್ರಂಥಕರ್ತನ ಮೇಲೆಯೇ ಬಿದ್ದಿತು. ಹಿಂದೆ ಬಟ್ಟೆಯ ಗಂಟನ್ನು ಹೊತ್ತವನು ಈಗ ಮಾದರಿಯ ಸಂಪುಟವನ್ನು ಹೊತ್ತು ಉತ್ತರದ ನ್ಯೂ ಇಂಗ್ಲೆಂಡ್ ಪ್ರಾಂತದ ಪಟ್ಟಣಗಳಿಂದ ದಕ್ಷಿಣದ ಸವಾನದವರೆಗೆ ಬಾಗಿಲು ಬಾಗಿಲಿಗೆ ಹೋದನು. ಜೆಫರ್ಸನನೂ ‘ಮಾನವನ ಹಕ್ಕುಗಳು’ ಎಂಬ ಗ್ರಂಥದಿಂದ ಪ್ರಸಿದ್ಧನಾದ ಥಾಮಸ್ ಪೇನನೂ ಚಂದಾದಾರರಾದರು. ಹಕ್ಕಿಗಳನ್ನು ಜೀವಂತವಾಗಿ ತಂದುಕೊಟ್ಟರೂ ಅಷ್ಟು ಹಣ ಕೊಡಲಾರೆನೆಂದು ಒಂದು ಸಂಸ್ಥಾನದ ಗವರ್ನರು ಹೇಳಿ ಕಳುಹಿಸಿದುದೂ ಉಂಟು. ೧೮೧೨ರಲ್ಲಿ ಬ್ರಿಟನ್ನಿನೊಡನೆ ಯುದ್ಧ ನಡೆಯುತ್ತಿದ್ದಾಗ ಹೇವರ್‌ಹಿಲ್ ಎಂಬ ಊರಿನ ಜನರು ಈ ಅಪರಿಚಿತನನ್ನು ಕೆನಡದ ಗೂಢಚಾರನೆಂದು ಹಿಡಿದುಕೊಟ್ಟರು. ಹೀಗಿದ್ದರೂ ಆತನು ಕೂಡಿಸಿದ ಚಂದಾದಾರರ ಸಂಖ್ಯೆಯನ್ನು ಕಂಡು ಪ್ರಕಾಶಕನು ಮೊದಲ ಸಂಪುಟದ ಇನ್ನೂ ೩೦೦ ಪ್ರತಿಗಳನ್ನು ಅಚ್ಚುಹಾಕಿಸಬೇಕಾಯಿತು.

ಈ ಪ್ರವಾಸಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ೧೮೧೦ರದು. ಫೆಬ್ರವರಿ ೨೪ರಂದು ಪಿಟ್ಸ್‌ಬರ್ಗಿನಲ್ಲಿ ‘ಆರ್ನಿಥಾಲಜಿಸ್ಟ್’ ಎಂದು ಹೆಸರಿಟ್ಟ ಸಣ್ಣ ದೋಣಿಯೊಂದನ್ನು ಏರಿ, ಬಿಸ್ಕತ್ತು ಗಿಣ್ಣುಗಳನ್ನು ಬುತ್ತಿಯಾಗಿ ಇಟ್ಟುಕೊಂಡು, ಹಿಮದ ಗಡ್ಡೆಗಳು ತೇಲುತ್ತಿದ್ದ ಒಹಾಯೊ ನದಿಯಲ್ಲಿ ಒಬ್ಬನೇ ಹುಟ್ಟುಹಾಕುತ್ತ ಏಳುನೂರು ಮೈಲಿಗಳಿಗೂ ಹೆಚ್ಚು ಸಾಗಿ ಮಾರ್ಚ್ ತಿಂಗಳಲ್ಲಿ ಲೂಯಿವಿಲ್ಲನ್ನು ಸೇರಿದನು. ಮುಂದೆ ಕುದುರೆಯ ಮೇಲೆ ಕಾಡುದಾರಿಯನ್ನು ಹಿಡಿದು ನ್ಯಾಷ್‌ವಿಲ್, ನ್ಯಾಚೆಜ್‌ಗಳ ಮೂಲಕ ಜೂನ್ ತಿಂಗಳಲ್ಲಿ ನ್ಯೂ ಆರ್ಲಿಯನ್ಸನ್ನು ತಲಪಿದನು. ದಾರಿಯಲ್ಲಿ, ಪಶ್ಚಿಮ ಸಮುದ್ರದವರೆಗೆ ಹೋಗಿ ಬಂದ ಅನ್ವೇಷಕ ಮೆರಿವೆದರ್ ಲೂಯಿಸ್ ೧೮೦೯ರ ಅಕ್ಟೋಬರಿನಲ್ಲಿ ಗುಂಡೇಟಿನಿಂದ ಸತ್ತ ಹೋಟಲಿನಲ್ಲಿ ತಂಗಿ, ಅದರ ಒಡತಿಯು ಹೇಳಿದ ವೃತ್ತಾಂತವನ್ನು ಬರೆದುಕೊಂಡನು. ಲೂಯಿಸನ ಗೋರಿಗೆ ಬೇಲಿ ಹಾಕಿಸಲು ತನ್ನ ಕೈಯಿಂದ ಹಣ ಕೊಟ್ಟನು. ಆ ನಿಗೂಢ ಮರಣವನ್ನು ಕುರಿತು ಬರೆಯುವ ಚರಿತ್ರಕಾರರು ಇಂದಿಗೂ ವಿಲ್ಸನನ ಆ ಪತ್ರವನ್ನು ಪ್ರಮುಖ ಆಧಾರವಾಗಿ ಬಳಸುತ್ತಾರೆ. ಲೂಯಿಸನು ತಾನು ತಂದ ಹೊಸ ಹಕ್ಕಿಗಳನ್ನು ಚಿತ್ರಿಸಬೇಕೆಂದು ವಿಲ್ಸನನನ್ನು ಹಿಂದೆ ಕೇಳಿಕೊಂಡಿದ್ದನು. ಲೂಯಿಸನ ಹೆಸರಿನ ಮರಕುಟಿಕವೂ ಆತನ ಜೊತೆಗಾರ ಕ್ಲಾರ್ಕನ ಹೆಸರಿನ ಕಾಗೆಯಂತಹ ಹಕ್ಕಿಯೂ ೧೮೧೧ರಲ್ಲಿ ಮೂರನೆಯ ಸಂಪುಟದಲ್ಲಿ ಮೊದಲ ಬಾರಿಗೆ ಪ್ರಕಟವಾದುವು.

೫

ಇನ್ನು ಚಿತ್ರಗಳ ವಿಚಾರ. ಒಂಬತ್ತು ಸಂಪುಟಗಳಲ್ಲಿ ಒಟ್ಟು ೭೬ ಫಲಕಗಳಿವೆ. ೨೬೮ ಜಾತಿಯ ಹಕ್ಕಿಗಳು ವರ್ಣಿತವಾಗಿವೆ. ಅವುಗಳಲ್ಲಿ ೨೬ ಜಾತಿಗಳು ಅದುವರೆಗೆ ಯಾರೂ ವರ್ಣಿಸದಿದ್ದವು. ವಿಲ್ಸನನು ಬರೆದ ಚಿತ್ರವನ್ನು ಲಾಸನ್ ಮೊದಲಾದವರು ತಾಮ್ರದ ಮೇಲೆ ಕೆತ್ತುತ್ತಿದ್ದರು. ಅಚ್ಚಾದ ಹಾಳೆಗಳಿಗೆ ಒಂದೊಂದಾಗಿ ಕೈಯಿಂದ ಬಣ್ಣ ತುಂಬಬೇಕಾಗಿತ್ತು. ಬಣ್ಣ ತುಂಬುವವರು ಬಿಟ್ಟುಹೋದಾಗ ಆ ಕೆಲಸವನ್ನೂ ವಿಲ್ಸನನೇ ಮಾಡಿದನು. ಕೊನೆಕೊನೆಗೆ ಆತನ ಜೀವನೋಪಾಯವೇ ಅದಾಯಿತು. ವೆಚ್ಚವನ್ನು ಮಿತಗೊಳಿಸಲು ಒಂದೇ ಫಲಕದಲ್ಲಿ ಮೂರು ನಾಲ್ಕು ಬೇರೆ ಬೇರೆ ಹಕ್ಕಿಗಳನ್ನು ಸೇರಿಸಬೇಕಾಯಿತು. ಮೊದಲನೆಯ ಫಲಕದಲ್ಲಿಯೇ ನೀಲಿ ಜೇ, ಗೋಲ್ಡ್‌ಫಿಂಚ್, ಬಾಲ್ಟಿಮೋರ್ ಹಕ್ಕಿ ಈ ಮೂರೂ ಒಟ್ಟಿಗೆ ಕುಳಿತಿವೆ. ಇದರಿಂದ ಚಿತ್ರಗಳಿಗೆ ಸಂಗ್ರಹಾಲಯದ ಕಪಾಟಿನ ಇಕ್ಕಟ್ಟು ಬಂದಿರುವುದು ನಿಜ. ಬಿಳಿತಲೆಯ ಹದ್ದಿನ ಹಿಂದೆ ನಯಾಗರ ಜಲಪಾತವನ್ನು ಬರೆದಂತಹ ಹಿನ್ನೆಲೆಗಳು ವಿರಳ. ನಿಲುವುಗಳು ಬಹುಮಟ್ಟಿಗೆ ಪಕ್ಕನೋಟದವು, ರೇಖೆ ಗಟ್ಟಿಯಾದುದು, ಭಾವೋದ್ರೇಕವಿಲ್ಲ.

ಆದರೆ ಆ ಗಟ್ಟಿರೇಖೆಯ ಹಿಂದೆ ಒಂದು ನಿಯಮವಿತ್ತು. ಬಾಲ್ಯದಲ್ಲಿ ಈ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದು ಮುಂದೆ ಇಂಗ್ಲೆಂಡಿನಲ್ಲಿ ಪ್ರಸಿದ್ಧ ಚಿತ್ರಕಾರನಾದ ಚಾರ್ಲ್ಸ್ ರಾಬರ್ಟ್ ಲೆಸ್ಲಿ ತನ್ನ ನೆನಪುಗಳಲ್ಲಿ ಇದನ್ನು ಹೇಳಿದ್ದಾನೆ: ಹಕ್ಕಿಯ ಕಿರಿದಾದ ಕಾಲಿನ ಮೇಲಿರುವ ಪೊರೆಗಳ ಸಂಖ್ಯೆಯನ್ನು ಸಹ ವಿಲ್ಸನನು ಎಣಿಸಿಯೇ ಬರೆಯುತ್ತಿದ್ದನು. ಮಗ್ಗದಲ್ಲಿ ಎಳೆಯನ್ನೆಣಿಸಿ ಪಳಗಿದ ಕಣ್ಣಿಗೆ ಇದು ಸಹಜವಾದ ಶಿಸ್ತಾಗಿದ್ದಿರಬಹುದು. ಎದುರಿಗೆ ಹಕ್ಕಿಯ ದೇಹವಿಲ್ಲದೆ, ಕೇವಲ ಪೂರ್ವಿಕರ ಗ್ರಂಥಗಳನ್ನು ನೋಡಿ ಬರೆಯುವುದನ್ನು ಆತನು ಒಪ್ಪಲಿಲ್ಲ.

ಆಡುಬಾನನೊಡನೆ ಹೋಲಿಕೆಯು ಇಲ್ಲಿ ಅನಿವಾರ್ಯ. ೧೮೨೭ರಿಂದ ೧೮೩೮ರವರೆಗೆ ಪ್ರಕಟವಾದ ಆಡುಬಾನನ ೪೩೫ ಫಲಕಗಳಲ್ಲಿ ಹಕ್ಕಿಗಳು ತಮ್ಮ ನಿಜ ಗಾತ್ರದಲ್ಲಿ, ಗಿಡಮರಗಳ ನಡುವೆ, ಬೇಟೆಯಾಡುತ್ತ, ಕಾದಾಡುತ್ತ ಕಾಣಿಸಿಕೊಳ್ಳುತ್ತವೆ. ಕಲಾವೈಭವದಲ್ಲಿ ವಿಲ್ಸನನು ಆತನಿಗೆ ಸಾಟಿಯಲ್ಲ. ಆದರೆ ಆಡುಬಾನನ ಮಿಸಿಸಿಪಿ ಗಿಡುಗದ ಫಲಕದಲ್ಲಿರುವ ಒಂದು ಹಕ್ಕಿಯು ವಿಲ್ಸನನು ಬರೆದ ಗಿಡುಗದ ಪ್ರತಿಬಿಂಬದಂತಿರುವುದನ್ನು ವಿದ್ವಾಂಸರು ಬಹುಕಾಲದಿಂದ ಎತ್ತಿ ತೋರಿಸಿದ್ದಾರೆ.

ಇವರಿಬ್ಬರೂ ೧೮೧೦ರ ಮಾರ್ಚಿಯಲ್ಲಿ ಲೂಯಿವಿಲ್ಲಿನಲ್ಲಿ ಭೇಟಿಯಾದರು. ಆಗ ಆಡುಬಾನನು ಅಲ್ಲಿ ಅಂಗಡಿಯೊಂದರ ಪಾಲುದಾರನಾಗಿದ್ದನು. ತಾನು ಚಂದಾ ಬರೆಯಲು ಲೇಖನಿಯನ್ನೆತ್ತಿದಾಗ, ನಿನ್ನ ಚಿತ್ರಗಳೇ ಇವಕ್ಕಿಂತ ಮೇಲೆಂದು ತನ್ನ ಪಾಲುದಾರನು ಫ್ರೆಂಚಿನಲ್ಲಿ ಹೇಳಿದುದರಿಂದ ತಾನು ಸಹಿಹಾಕಲಿಲ್ಲವೆಂದೂ, ಆದರೂ ಅತಿಥಿಗೆ ಚಿತ್ರಗಳನ್ನು ತೋರಿಸಿ ಬೇಟೆಗೆ ಕರೆದೊಯ್ದೆನೆಂದೂ ಆಡುಬಾನನು ಬರೆದಿದ್ದಾನೆ. ವಿಲ್ಸನನ ದಿನಚರಿಯಿಂದ ಆಯ್ದುದೆಂದು ಆತನ ಮಿತ್ರ ಜಾರ್ಜ್ ಆರ್ಡ್ ಪ್ರಕಟಿಸಿದ ಭಾಗವಾದರೋ, ಆ ಊರಿನಲ್ಲಿ ತನಗೆ ಯಾರಿಂದಲೂ ಆದರ ದೊರೆಯಲಿಲ್ಲವೆಂದು ಹೇಳುತ್ತದೆ. ಎರಡು ಸಾಕ್ಷ್ಯಗಳೂ ನಿರ್ದೋಷವಲ್ಲ. ಆಡುಬಾನನು ಬರೆದುದು ಇಪ್ಪತ್ತು ವರ್ಷಗಳ ತರುವಾಯ. ಆರ್ಡನು ಆಡುಬಾನನ ಕಟ್ಟಾ ವಿರೋಧಿ. ಅದೇ ದಿನಚರಿಯ ಬೇರೆ ಉಲ್ಲೇಖಗಳಲ್ಲಿ ಆಡುಬಾನನ ಚಿತ್ರಗಳು ಚೆನ್ನಾಗಿವೆಯೆಂದೂ ಅವನೊಡನೆ ಬೇಟೆಗೆ ಹೋದುದಾಗಿಯೂ ಇದೆ. ಆದುದರಿಂದ ಭೇಟಿಯ ಬಾಹ್ಯಸಂಗತಿಗಳಲ್ಲಿ ಆಡುಬಾನನ ಕಥನವನ್ನು ಒಪ್ಪಬಹುದೆಂದೂ, ಅನಾದರದ ಮಾತು ಚಂದಾ ದೊರೆಯದ ದಣಿದ ಪ್ರವಾಸಿಯ ಬೇಸರವನ್ನು ಸೂಚಿಸುತ್ತದೆಂದೂ ನಮಗೆ ತೋರುತ್ತದೆ.

೬

ವಿಲ್ಸನನ ಗ್ರಂಥದಲ್ಲಿ ಚಿತ್ರದಷ್ಟೇ ಬೆಲೆಯುಳ್ಳದ್ದು ಚಿತ್ರದೊಡನಿರುವ ಬರಹ. ಹಕ್ಕಿಯ ಹೊಟ್ಟೆಯನ್ನು ಸೀಳಿ ಅದು ತಿಂದುದನ್ನು ನೋಡುವುದು, ಗೂಡಿನ ಮೊಟ್ಟೆಗಳನ್ನೆಣಿಸುವುದು, ಜನರ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವುದು ಆತನ ಪದ್ಧತಿ. ಕೌಬರ್ಡ್ ಎಂಬ ಹಕ್ಕಿಯು ಗೂಡು ಕಟ್ಟದೆ ಇತರ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುವ ಬಗೆಯನ್ನು ಆತನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಕೋಗಿಲೆಯನ್ನು ಪರಭೃತವೆಂದು ಕರೆಯುವ ನಮಗೆ ಈ ವೃತ್ತಾಂತವು ಅಪರಿಚಿತವೆನಿಸದು. ಕವಲುಬಾಲದ ಸ್ವಾಲೋ ಹಕ್ಕಿಗಳು ಚಳಿಗಾಲದಲ್ಲಿ ಕೆರೆಯ ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆಂಬ ಮಾತನ್ನು ಆ ಕಾಲದ ಪಂಡಿತರಲ್ಲಿಯೂ ಕೆಲವರು ನಂಬಿದ್ದರು. ಅವು ದಕ್ಷಿಣಕ್ಕೆ ವಲಸೆಹೋಗುತ್ತವೆಂದು ವಿಲ್ಸನನು ದೃಢವಾಗಿ ವಾದಿಸಿದನು.

ಫ್ರಾನ್ಸಿನ ಮಹಾವಿದ್ವಾಂಸ ಬುಫಾನನು ಅಮೆರಿಕದ ಪ್ರಾಣಿಪಕ್ಷಿಗಳು ಯುರೋಪಿನವುಗಳ ಕ್ಷೀಣಿಸಿದ ರೂಪಗಳೆಂದೂ ಅಲ್ಲಿಯ ಹಕ್ಕಿಗಳಿಗೆ ಇಂಪಾದ ಹಾಡಿಲ್ಲವೆಂದೂ ಬರೆದಿದ್ದನು. ಅರಮನೆಯ ಗ್ರಂಥಾಲಯದಲ್ಲಿ ಕುಳಿತು ಮಾಡಿದ ಈ ತೀರ್ಮಾನವನ್ನು ಕಾಡಿನಲ್ಲಿ ಕಿವಿಗೊಟ್ಟು ಕೇಳಿದವನು ಸಹಿಸಲಿಲ್ಲ. ಮರಕುಟಿಕದ ಬಾಳು ದೈನ್ಯದ ದುಡಿಮೆಯೆಂದು ಬುಫಾನನು ಮರುಗಿದ್ದುದಕ್ಕೂ, ಅದು ಎಷ್ಟು ಚಟುವಟಿಕೆಯಿಂದ ಸಂತೋಷವಾಗಿರುತ್ತದೆಂಬುದನ್ನು ತನ್ನ ಅನುಭವದಿಂದ ತೋರಿಸಿ ಉತ್ತರವಿತ್ತನು. ರೈತರು ಬೆಳೆಯ ಶತ್ರುವೆಂದು ಕೊಲ್ಲುತ್ತಿದ್ದ ಕೆಂಪು ರೆಕ್ಕೆಯ ಕರಿಹಕ್ಕಿಯ ಪರವಾಗಿ ಆತನು ಲೆಕ್ಕವನ್ನೇ ಮುಂದಿಟ್ಟನು: ಒಂದು ಹಕ್ಕಿ ದಿನಕ್ಕೆ ಐವತ್ತು ಹುಳುಗಳನ್ನು ತಿಂದರೆ ನಾಲ್ಕು ತಿಂಗಳಲ್ಲಿ ಒಂದು ಜೋಡಿಯು ಹನ್ನೆರಡು ಸಾವಿರ ಹುಳುಗಳನ್ನು ನಾಶಮಾಡುತ್ತದೆ.

ಆತನಲ್ಲಿ ದೋಷಗಳಿಲ್ಲವೆಂದಲ್ಲ. ಬಿಳಿತಲೆಯ ಹದ್ದಿನ ಮರಿಯನ್ನು ಬೇರೊಂದು ಜಾತಿಯೆಂದು ವರ್ಣಿಸಿದನು. ಆದರೆ ಎರಡೂ ಒಂದೇ ಇರಬಹುದೆಂಬ ಸಂದೇಹವನ್ನು ಅಲ್ಲಿಯೇ ಸೂಚಿಸಿದನು. ತಿಳಿದುದನ್ನೂ ಊಹಿಸಿದುದನ್ನೂ ಹೀಗೆ ಬೇರೆ ಬೇರೆಯಾಗಿಡುವ ಗುಣದಿಂದಲೇ ಆತನ ಮಾತಿಗೆ ಸಾಕ್ಷ್ಯದ ಬೆಲೆ ಬಂದಿದೆ.

೭

ಈ ಬೆಲೆಯ ನಿಜವಾದ ಪರೀಕ್ಷೆಯು ವಿಲ್ಸನನು ಕಂಡು, ನಾವು ಕಾಣಲಾರದ ಹಕ್ಕಿಗಳ ವಿಷಯದಲ್ಲಿ ನಡೆಯುತ್ತದೆ.

ಮೊದಲನೆಯದು ಪ್ಯಾಸೆಂಜರ್ ಪಾರಿವಾಳ. ಒಮ್ಮೆ ಒಹಾಯೊ ನದಿಯ ದಡದ ಗುಡಿಸಲೊಂದಕ್ಕೆ ಹಾಲು ಕೊಳ್ಳಲು ಹೋಗಿ ಜನರೊಡನೆ ಮಾತನಾಡುತ್ತಿದ್ದಾಗ ಫಕ್ಕನೆ ಭೋರ್ಗರೆತವೆದ್ದು ಕತ್ತಲೆ ಕವಿದುದರಿಂದ ಸುಂಟರಗಾಳಿಯೇ ಬಂದಿತೆಂದು ಆತನು ಬೆಚ್ಚಿದನು. ಮನೆಯವರು ಪಾರಿವಾಳಗಳೆಂದು ಶಾಂತವಾಗಿ ಹೇಳಿದರು. ಕೆಂಟಕಿಯ ಶೆಲ್ಬಿವಿಲ್ಲಿನ ಬಳಿ ನಲವತ್ತು ಮೈಲಿ ಉದ್ದಕ್ಕೆ ಹಬ್ಬಿದ್ದ ಅವುಗಳ ಗೂಡುಗಾಡಿನ ಗುರುತುಗಳನ್ನು ಕಂಡನು. ಒಂದೇ ಮರದಲ್ಲಿ ತೊಂಬತ್ತಕ್ಕಿಂತ ಹೆಚ್ಚು ಗೂಡುಗಳನ್ನೆಣಿಸಿದನು. ಗೂಡಿಗೆ ಒಂದೇ ಮರಿಯೆಂಬುದನ್ನೂ ಗುರುತಿಸಿದನು. ಫ್ರಾಂಕ್‌ಫರ್ಟಿನ ಬಳಿ ನಾಲ್ಕು ಗಂಟೆಗಳಿಗೂ ಹೆಚ್ಚು ಕಾಲ ಒಂದೇ ಸಮನೆ ತಲೆಯ ಮೇಲೆ ಹಾರಿಹೋದ ಹಿಂಡನ್ನು ಆತನು ಹೀಗೆ ಲೆಕ್ಕಹಾಕಿದನು: ಹಿಂಡಿನ ಅಗಲ ಒಂದು ಮೈಲಿ, ವೇಗ ನಿಮಿಷಕ್ಕೆ ಒಂದು ಮೈಲಿ, ಆದುದರಿಂದ ನಾಲ್ಕು ಗಂಟೆಗಳಲ್ಲಿ ಉದ್ದ ೨೪೦ ಮೈಲಿ, ಚದರ ಗಜಕ್ಕೆ ಮೂರು ಹಕ್ಕಿಗಳಂತೆ ಒಟ್ಟು ೨೨೩,೦೨,೭೨,೦೦೦. ದಿನಕ್ಕೊಂದು ಹಕ್ಕಿ ಅರ್ಧ ಪೈಂಟ್ ಕಾಡುಬೀಜವನ್ನು ತಿಂದರೆ ಈ ಹಿಂಡಿಗೆ ದಿನವೊಂದಕ್ಕೆ ೧,೭೪,೨೪,೦೦೦ ಬುಷೆಲ್ ಬೇಕು. ವೇಗ, ಸಾಂದ್ರತೆ ಎರಡೂ ಅಂದಾಜುಗಳೇ; ಮೊತ್ತದ ಕೊನೆಯ ಅಂಕೆಗಳಿಗೆ ಅರ್ಥವಿಲ್ಲ. ಆದರೆ ಲೆಕ್ಕದ ಪ್ರತಿಯೊಂದು ಮೆಟ್ಟಿಲನ್ನೂ ಆತನು ತೆರೆದಿಟ್ಟಿರುವುದರಿಂದ ಯಾರು ಬೇಕಾದರೂ ಅದನ್ನು ತಿದ್ದಿ ನೋಡಬಹುದು. ನೂರು ವರ್ಷಗಳು ಕಳೆಯುವಷ್ಟರಲ್ಲಿ ಕಾಡುಗಳು ಕಡಿದುಹೋದುವು. ರೈಲು ತಂತಿಗಳ ನೆರವಿನಿಂದ ಬೇಟೆಯು ದೊಡ್ಡ ವ್ಯಾಪಾರವಾಯಿತು. ಗೂಡಿಗೊಂದೇ ಮರಿಯನ್ನು ಸಾಕುವ ಹಕ್ಕಿಗೆ ಆ ನಷ್ಟವನ್ನು ತುಂಬಿಕೊಳ್ಳಲಾಗಲಿಲ್ಲ. ೧೯೧೪ರ ಸೆಪ್ಟೆಂಬರ್ ೧ರಂದು ಸಿನ್‌ಸಿನಾಟಿಯ ಮೃಗಾಲಯದಲ್ಲಿ ಮಾರ್ಥಾ ಎಂಬ ಕೊನೆಯ ಪಾರಿವಾಳವು ಸತ್ತಿತು.

ಎರಡನೆಯದು ಕೆರೊಲೈನಾ ಗಿಳಿ. ಕೆಂಟಕಿಯಲ್ಲಿ ಗುಂಡು ತಗುಲಿ ಸ್ವಲ್ಪ ಗಾಯಗೊಂಡ ಗಿಳಿಯೊಂದನ್ನು ವಿಲ್ಸನನು ರೇಷ್ಮೆಯ ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಸಾವಿರ ಮೈಲಿಗಳಿಗೂ ಹೆಚ್ಚು ದೂರ ಒಯ್ದನು. ಚಿಕಸಾ, ಚೊಕ್ತಾ ಬುಡಕಟ್ಟಿನ ಮೂಲನಿವಾಸಿಗಳ ಊರುಗಳಲ್ಲಿ ಆ ಗಿಳಿಯ ನೆಪದಿಂದ ಜನರು ಸುತ್ತ ನೆರೆದು ಸ್ನೇಹದಿಂದ ಮಾತನಾಡಿಸಿದರು. ಈ ಗಿಳಿಯ ಕರುಳು ಬೆಕ್ಕಿಗೆ ವಿಷವೆಂಬ ಪ್ರತೀತಿಯಿತ್ತು. ಆತನು ಒಂದು ಬೆಕ್ಕಿಗೂ ಅದರ ಮರಿಗಳಿಗೂ ತಿನ್ನಿಸಿ ನೋಡಿದನು, ಏನೂ ಆಗಲಿಲ್ಲ. ಆದರೆ ತನ್ನ ಗಿಳಿ ಮೆಕ್ಕೆಜೋಳ ತಿಂದುದೇ ಹೊರತು ಕಾಡಿನ ಮುಳ್ಳುಕಾಯಿಯನ್ನಲ್ಲವಾದ್ದರಿ೦ದ ಇದು ನಿರ್ಣಾಯಕವಲ್ಲವೆಂದು ತಾನೇ ಟಿಪ್ಪಣಿ ಬರೆದನು. ಗುಂಡಿಗೆ ಬಿದ್ದ ಸಂಗಾತಿಗಳನ್ನು ಬಿಟ್ಟುಹೋಗಲಾರದೆ ಉಳಿದ ಗಿಳಿಗಳು ಮತ್ತೆ ಮತ್ತೆ ಅಲ್ಲಿಗೇ ಬಂದು ಸುತ್ತುತ್ತಿದ್ದುವೆಂದೂ, ಹೀಗೆ ಇಡೀ ಹಿಂಡು ಬಲಿಯಾಗಬಹುದಿತ್ತೆಂದೂ ಆತನ ಬರಹದಿಂದ ತಿಳಿಯುತ್ತದೆ. ಮುಂದಿನ ವಿನಾಶದ ಒಂದು ಕಾರಣವು ಇಲ್ಲಿಯೇ ದಾಖಲಾಗಿದೆ. ಜೇಬಿನ ಗಿಳಿಯು ಹಿಂತಿರುಗುವ ಸಮುದ್ರಯಾನದಲ್ಲಿ ಒಂದು ದಿನ ಬೆಳಗಾಗುವ ಮುನ್ನ ಪಂಜರದಿಂದ ತಪ್ಪಿಸಿಕೊಂಡು ಹಡಗಿನಿಂದ ಹಾರಿ ಮೆಕ್ಸಿಕೊ ಕೊಲ್ಲಿಯ ನೀರಿನಲ್ಲಿ ಮುಳುಗಿತು. ಆ ಜಾತಿಯ ಪಂಜರದ ಕೊನೆಯ ಗಿಳಿಯು ೧೯೧೮ರ ಫೆಬ್ರವರಿ ೨೧ರಂದು ಸಿನ್‌ಸಿನಾಟಿಯ ಅದೇ ಮೃಗಾಲಯದಲ್ಲಿ ಸತ್ತಿತು.

ಮೂರನೆಯದು ದಂತಕೊಕ್ಕಿನ ಮರಕುಟಿಕ. ೧೮೦೯ರಲ್ಲಿ ಉತ್ತರ ಕೆರೊಲೈನಾದ ವಿಲ್ಮಿಂಗ್ಟನ್ನಿನ ಸಮೀಪದಲ್ಲಿ ರೆಕ್ಕೆಗೆ ಗಾಯವಾದ ಹಕ್ಕಿಯೊಂದನ್ನು ಹಿಡಿದಾಗ ಅದು ಎಳೆಗೂಸಿನಂತೆ ಚೀರತೊಡಗಿತು. ಊರನ್ನು ಪ್ರವೇಶಿಸುತ್ತಿದ್ದಂತೆ ಹೆಂಗಸರು ಕಳವಳದಿಂದ ಬಾಗಿಲಿಗೆ ಬಂದರು. ತನಗೂ ತನ್ನ ಮಗುವಿಗೂ ಇಳಿದುಕೊಳ್ಳಲು ಜಾಗವಿದೆಯೆ ಎಂದು ವಿಲ್ಸನನು ಹೋಟಲಿನವನನ್ನು ಕೇಳಿದನು. ಕೊಠಡಿಯಲ್ಲಿ ಬಿಟ್ಟು ಒಂದು ಗಂಟೆಯೊಳಗೆ ಹಿಂತಿರುಗುವಷ್ಟರಲ್ಲಿ ಹಕ್ಕಿಯು ಕಿಟಕಿಯ ಬಳಿಯ ಗಾರೆಯನ್ನು ಕಿತ್ತು ಮುಷ್ಟಿ ತೂರುವಷ್ಟು ರಂಧ್ರವನ್ನು ಕೊರೆದಿತ್ತು. ಕಾಲಿಗೆ ದಾರ ಬಿಗಿದು ಮೇಜಿಗೆ ಕಟ್ಟಿದರೆ ಮಹಾಗನಿಯ ಮೇಜನ್ನೇ ಹಾಳುಮಾಡಿತು. ಬರೆಯುತ್ತಿದ್ದ ಕೈಯನ್ನೂ ಕುಕ್ಕಿ ಗಾಯಗೊಳಿಸಿತು. ಆಹಾರವನ್ನು ಮುಟ್ಟದೆ ಮೂರು ದಿನ ಬದುಕಿದ್ದು ಸತ್ತಿತು. ಅದರ ಅದಮ್ಯ ಚೇತನವನ್ನು ಕಂಡು ಮತ್ತೆ ಕಾಡಿಗೆ ಬಿಟ್ಟುಬಿಡೋಣವೆಂದು ತನಗೆ ಅನ್ನಿಸಿತೆಂದೂ, ಅದರ ಸಾವನ್ನು ವ್ಯಥೆಯಿಂದ ನೋಡಿದೆನೆಂದೂ ಆತನು ಬರೆದಿದ್ದಾನೆ. ಈ ಹಕ್ಕಿಯು ಎಲ್ಲರೂ ಒಪ್ಪುವಂತೆ ಅಮೆರಿಕದಲ್ಲಿ ಕಂಡುಬಂದುದು ೧೯೪೪ರಲ್ಲಿ ಕೊನೆ. ಆಮೇಲೆ ಕಂಡೆವೆಂದವರ ಮಾತುಗಳೆಲ್ಲ ವಿವಾದಗ್ರಸ್ತವಾಗಿವೆ. ೨೦೨೧ರಲ್ಲಿ ಸರ್ಕಾರವು ಇದನ್ನು ಅಳಿದ ಜಾತಿಯೆಂದು ಸಾರಲು ಸೂಚಿಸಿತು. ಆದರೆ ೨೦೨೩ರ ನಿರ್ಣಯದಲ್ಲಿ ಇದನ್ನು ಅಳಿದವುಗಳ ಪಟ್ಟಿಗೆ ಸೇರಿಸಲಿಲ್ಲ.

ಇಲ್ಲಿ ಒಂದು ಕಠಿಣವಾದ ಸಂಗತಿಯನ್ನು ಮರೆಯಬಾರದು. ವಿಲ್ಸನನು ಹಕ್ಕಿಗಳನ್ನು ಕೊಂದೇ ಚಿತ್ರಿಸಿದನು. ಛಾಯಾಯಂತ್ರವಿಲ್ಲದ ಕಾಲದಲ್ಲಿ ಕಾಲಿನ ಪೊರೆಯನ್ನೆಣಿಸಲು ಬೇರೆ ಉಪಾಯವಿರಲಿಲ್ಲ. ಆದರೆ ಈ ಮೂರು ಜಾತಿಗಳನ್ನು ಅಳಿವಿನಂಚಿಗೆ ಒಯ್ದುದು ವ್ಯಾಪಾರದ ಬೇಟೆ, ಬೆಳೆಗಾರರ ಕೋಪ, ಕಾಡಿನ ನಾಶ ಮುಂತಾದವು. ಒಬ್ಬ ಚಿತ್ರಕಾರನ ಕೋವಿಯಲ್ಲ. ಕೊಂದುದನ್ನು ಮುಚ್ಚಿಡದೆ, ಮರುಕವನ್ನೂ ಬಚ್ಚಿಡದೆ ಬರೆದಿರುವುದರಿಂದ ಆತನ ವರದಿಯ ವಿಶ್ವಾಸಾರ್ಹತೆ ಹೆಚ್ಚುತ್ತದೆ.

೮

೧೮೧೩ರಲ್ಲಿ ವಿಲ್ಸನನು ಅಮೆರಿಕದ ತತ್ತ್ವಶಾಸ್ತ್ರೀಯ ಸಂಘದ ಸದಸ್ಯನಾಗಿ ಆಯ್ಕೆಗೊಂಡನು. ಅದೇ ವರ್ಷದ ಆಗಸ್ಟ್ ೨೩ರಂದು, ಎಂಟನೆಯ ಸಂಪುಟದ ಕೆಲಸದಲ್ಲಿ ಹಗಲಿರುಳು ದುಡಿದು ಬಳಲಿದ್ದವನು, ಆಮಶಂಕೆಯಿಂದ ಮೃತನಾದನು. ಆಗ ಆತನಿಗೆ ನಲವತ್ತೇಳು ವರ್ಷ. ಫಿಲಡೆಲ್ಫಿಯದಲ್ಲಿ ಸ್ವೀಡನ್ನಿನವರು ಕಟ್ಟಿಸಿದ ಹಳೆಯ ಚರ್ಚಿನ ಅಂಗಳದಲ್ಲಿ ಆತನ ಸಮಾಧಿಯಿದೆ. ಆರ್ಡನು ಉಳಿದ ಎರಡು ಸಂಪುಟಗಳನ್ನು ೧೮೧೪ರಲ್ಲಿ ಹೊರತಂದನು. ಹತ್ತನೆಯ ಸಂಪುಟವು ಸಂಕಲ್ಪವಾಗಿಯೇ ಉಳಿಯಿತು. ಮುಂದೆ ನೆಪೋಲಿಯನ್ನನ ಬಂಧು ಚಾರ್ಲ್ಸ್ ಲೂಸಿಯನ್ ಬೊನಪಾರ್ಟನು ಪೂರಕ ಸಂಪುಟಗಳನ್ನು ರಚಿಸಿ ಈ ಕೆಲಸವನ್ನು ಮುಂದುವರಿಸಿದನು. ಆತನ ಪದ್ಯವನ್ನು ಸುಡಿಸಿದ ಪೈಸ್ಲಿಯು ಕಾಲಾಂತರದಲ್ಲಿ ಆತನ ಪ್ರತಿಮೆಯನ್ನು ಸ್ಥಾಪಿಸಿತು.

ವಿಲ್ಸನನ ಹೆಸರಿನಿಂದ ಅನೇಕ ಹಕ್ಕಿಗಳು ಪ್ರಸಿದ್ಧವಾಗಿವೆ. ೧೮೮೮ರಲ್ಲಿ ಸ್ಥಾಪಿತವಾದ ಪಕ್ಷಿಶಾಸ್ತ್ರ ಸಂಘವೊಂದು ಆತನ ಹೆಸರನ್ನೇ ಇಟ್ಟುಕೊಂಡಿತು. ೨೦೨೩ರಲ್ಲಿ ಅಮೆರಿಕದ ಪಕ್ಷಿಶಾಸ್ತ್ರಜ್ಞರ ಪ್ರಮುಖ ಸಂಘವು, ವ್ಯಕ್ತಿಗಳ ಹೆಸರನ್ನು ಹೊತ್ತ ಹಕ್ಕಿಗಳಿಗೆ ಹೊಸ ಇಂಗ್ಲಿಷ್ ಹೆಸರುಗಳನ್ನಿಡುವ ನಿರ್ಧಾರವನ್ನು ಪ್ರಕಟಿಸಿತು. ಅದರಂತೆ ನಡೆದರೆ ವಿಲ್ಸನನ ಹೆಸರೂ ಹಕ್ಕಿಗಳ ಪಟ್ಟಿಯಿಂದ ಮರೆಯಾಗಬಹುದು. ಅದರಿಂದ ಆತನ ಗ್ರಂಥಕ್ಕೆ ಊನವೇನೂ ಆಗದು. ಅಳಿದ ಪಾರಿವಾಳದ ಹಿಂಡು ಎಷ್ಟು ದೊಡ್ಡದಾಗಿತ್ತು, ಗೂಡಿನಲ್ಲಿ ಎಷ್ಟು ಮರಿಗಳಿರುತ್ತಿದ್ದುವು, ಗಿಳಿಗಳು ಸತ್ತ ಸಂಗಾತಿಗಳ ಬಳಿಗೆ ಏಕೆ ಮರಳುತ್ತಿದ್ದುವು ಎಂದು ಕೇಳುವವರೆಲ್ಲರೂ ಇನ್ನು ಮುಂದೆಯೂ ಆ ಒಂಬತ್ತು ಸಂಪುಟಗಳನ್ನು ತೆರೆಯಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಹಳೆಯ ಪ್ರಾಣಿಪಕ್ಷಿಗ್ರಂಥಗಳನ್ನು ವಿಜ್ಞಾನದ ಕಪಾಟಿನಲ್ಲಿಯೇ ಬಿಡದೆ ಚರಿತ್ರೆಯ ಆಧಾರಗಳಾಗಿಯೂ ಓದುವುದನ್ನು ರೂಢಿಸಿಕೊಳ್ಳಬೇಕೆಂದು ನಾವು ಸೂಚಿಸಬಯಸುತ್ತೇವೆ.